ವೈಟ್‌ಫೀಲ್ಡ್: ಪುರಸಭೆ ಕಾಣದೆ ಮಹಾನಗರವಾದ ಊರು

2025ರ ಸೆಪ್ಟೆಂಬರ್ 2ರಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಇತಿಹಾಸಕ್ಕೆ ಸೇರಿತು. ಅದರ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ಅವುಗಳ ಪೈಕಿ ಬೆಂಗಳೂರು ಪೂರ್ವ ಪಾಲಿಕೆಗೆ ದಕ್ಕಿದ್ದು ಕೆ.ಆರ್.ಪುರ ಮತ್ತು ಮಹದೇವಪುರ ಎಂಬ ಎರಡು ವಿಧಾನಸಭಾ ಕ್ಷೇತ್ರಗಳ ಪ್ರದೇಶ. ಅದನ್ನು 50 ವಾರ್ಡುಗಳಾಗಿ ವಿಂಗಡಿಸಲಾಗಿದೆ. ಈ ಪುನರ್ರಚನೆಯ ಬಗ್ಗೆ ನಡೆದ ಚರ್ಚೆಯಲ್ಲಿ ಗಡಿ ಎಲ್ಲಿ, ಆಸ್ತಿ ತೆರಿಗೆ ಎಷ್ಟು, ಯಾವ ಅಧಿಕಾರಿಗೆ ಯಾವ ಹುದ್ದೆ ಎಂಬ ಪ್ರಶ್ನೆಗಳೇ ಮುಖ್ಯವಾದವು. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದವನಾಗಿ ಈ ಪ್ರಶ್ನೆಗಳ ಮಹತ್ವವನ್ನು ನಾನು ಅಲ್ಲಗಳೆಯಲಾರೆ. ಆದರೆ ಈ ಪಾಲಿಕೆಯ ಬೊಕ್ಕಸವನ್ನು ತುಂಬಿಸಬೇಕಾದ ವೈಟ್‌ಫೀಲ್ಡ್ ಒಂದು ಊರೇ ಅಥವಾ ಕೇವಲ ಒಂದು 'ಐಟಿ ಕಾರಿಡಾರ್' ಮಾತ್ರವೇ ಎಂಬುದನ್ನು ಯಾರೂ ಕೇಳಿದಂತೆ ತೋರಲಿಲ್ಲ.

ಮೂವತ್ತು ವರ್ಷಗಳ ಹಿಂದೆ ಅಲ್ಲಿ ಏನೂ ಇರಲಿಲ್ಲ, ನೀಲಗಿರಿ ತೋಪು ಮತ್ತು ರಾಗಿ ಹೊಲಗಳ ನಡುವೆ ಗಾಜಿನ ಕಟ್ಟಡಗಳು ಎದ್ದು ನಿಂತವು ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲೇ ಕೇಳಿದ್ದೇನೆ. 'ಏನೂ ಇರಲಿಲ್ಲ' ಎಂಬ ನಂಬಿಕೆಯಿಂದ ಆಡಳಿತಕ್ಕೆ ಅನುಕೂಲವೇ ಹೆಚ್ಚು. ಏನೂ ಇಲ್ಲದ ಕಡೆ ಯಾರನ್ನೂ ಕೇಳಬೇಕಾಗಿಲ್ಲವಲ್ಲ!

ಏನಿತ್ತು ಎಂಬುದನ್ನು ನೋಡೋಣ. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಬೆಂಗಳೂರು ಜಿಲ್ಲೆಯ ಸಂಪುಟ ಪ್ರಕಟವಾದದ್ದು 1905ರಲ್ಲಿ. ಕಾಡುಗೋಡಿಯಲ್ಲಿ ದೊರೆತ, 1043ರ ಕಾಲದ ಶಾಸನವೊಂದು ಚೋಳ ರಾಜೇಂದ್ರನ ಆಳ್ವಿಕೆಯಲ್ಲಿ ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ತೂಬು ಇರಿಸಿ, ಗಣಪತಿ, ದುರ್ಗೆ ಮತ್ತು ಕ್ಷೇತ್ರಪಾಲರನ್ನು ಪ್ರತಿಷ್ಠಾಪಿಸಿದ್ದನ್ನು ಹೇಳುತ್ತದೆ. ಅಂದರೆ ಕೆಂಪೇಗೌಡರು ಬೆಂಗಳೂರಿನ ಕೋಟೆಗೆ ಗುದ್ದಲಿ ಹಾಕುವುದಕ್ಕೆ ಐದು ಶತಮಾನಗಳಷ್ಟು ಮುಂಚೆಯೇ ಇಲ್ಲಿ ನೀರಾವರಿಯ ಲೆಕ್ಕಾಚಾರ ಬಲ್ಲ ಜನರಿದ್ದರು. ಆ ಶಾಸನದ ಪಟ್ಟಂದೂರೇ ಇಂದಿನ ಪಟ್ಟಂದೂರು ಅಗ್ರಹಾರ. ಅಂತರರಾಷ್ಟ್ರೀಯ ತಂತ್ರಜ್ಞಾನ ಪಾರ್ಕ್ ತಲೆ ಎತ್ತಿರುವುದು ಈ ಸೀಮೆಯಲ್ಲಿಯೇ. ಇದೇ ಹೆಸರಿನ ಮೆಟ್ರೊ ನಿಲ್ದಾಣದಲ್ಲಿ ದಿನವೂ ಇಳಿಯುವ ಸಾವಿರಾರು ಯುವಜನರಿಗೆ ತಾವು ಸಾವಿರ ವರ್ಷ ಹಳೆಯ ಹೆಸರೊಂದನ್ನು ಉಚ್ಚರಿಸುತ್ತಿದ್ದೇವೆಂಬುದು ತಿಳಿದಿರಲಾರದು. ತಪ್ಪು ಅವರದಲ್ಲ. ಅಲ್ಲಿ ಅದನ್ನು ಹೇಳುವ ಒಂದು ಫಲಕವೂ ಇಲ್ಲದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ?

ವೈಟ್‌ಫೀಲ್ಡ್ ಎಂಬ ಹೆಸರಿನ ಬಗೆಗೂ ಒಂದು ತಪ್ಪು ಗ್ರಹಿಕೆಯಿದೆ. ಬಿಳಿಯರು ಇದ್ದ ಕಾರಣ ಈ ಹೆಸರು ಬಂತೆಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಡಿ.ಎಸ್. ವೈಟ್ ಎಂಬ ವ್ಯಕ್ತಿಯ ಹೆಸರು. ಮದರಾಸಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ವೈಟ್ 1879ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘವನ್ನು ಸ್ಥಾಪಿಸಿದರು. ಯುರೇಷಿಯನ್ನರೆಂದರೆ ಯುರೋಪಿಯನ್ ತಂದೆ ಮತ್ತು ಭಾರತೀಯ ತಾಯಿಯ ಸಂತತಿಯವರು. 'ಆಂಗ್ಲೋ-ಇಂಡಿಯನ್' ಎಂಬ ಪದ ಇವರಿಗೆ ಅಧಿಕೃತವಾಗಿ ಅನ್ವಯವಾದದ್ದು 1911ರ ಜನಗಣತಿಯ ಹೊತ್ತಿಗೆ. ರೈಲ್ವೆ, ತಂತಿ, ಸುಂಕದ ಕಚೇರಿಗಳ ಕೆಳದರ್ಜೆಯ ನೌಕರಿಗಳೇ ಇವರ ಆಧಾರವಾಗಿದ್ದವು. ವಿಶ್ವವಿದ್ಯಾಲಯಗಳಿಂದ ಭಾರತೀಯ ಪದವೀಧರರು ಹೊರಬರತೊಡಗಿದಂತೆ ಅಲ್ಲಿಯೂ ಪೈಪೋಟಿ ಶುರುವಾಯಿತು. ಆಳುವವರು ಇವರನ್ನು ತಮ್ಮವರೆಂದು ಒಪ್ಪಲಿಲ್ಲ, ಆಳಿಸಿಕೊಳ್ಳುವವರೂ ಒಪ್ಪಲಿಲ್ಲ. ನೌಕರಿಯನ್ನೇ ನಂಬಿದ ಸಮುದಾಯಕ್ಕೆ ಭವಿಷ್ಯವಿಲ್ಲ, ಕಾಲೂರಲು ಭೂಮಿ ಬೇಕು ಎಂದು ವೈಟ್ ಕಂಡುಕೊಂಡರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಈ ಮನುಷ್ಯನ ಬಗ್ಗೆ ಗೌರವವಿದೆ. ಸಮುದಾಯದ ಅವಮಾನವನ್ನು ಅವರು ಮನವಿಪತ್ರದ ಭಾಷೆಯಲ್ಲಿ ಮಾತ್ರ ನೋಡದೆ, ಉತ್ಪಾದನೆಯ ಸಾಧನ ಯಾರ ಕೈಯಲ್ಲಿದೆ ಎಂಬ ದೃಷ್ಟಿಯಿಂದ ನೋಡಿದರು.

1882ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಅವರ ಸರ್ಕಾರ 3,900 ಎಕರೆ ಭೂಮಿಯನ್ನು ಈ ಸಂಘಕ್ಕೆ ಮಂಜೂರು ಮಾಡಿತು. ಇದು ಕೇವಲ ಅರಸರ ಔದಾರ್ಯವೇ? ಆ ಕಾಲದ ಮೈಸೂರಿನ ಸ್ಥಿತಿಯನ್ನು ನೆನೆದರೆ ಬೇರೊಂದು ಕಾರಣವೂ ಹೊಳೆಯುತ್ತದೆ. ಐವತ್ತು ವರ್ಷಗಳ ಕಮಿಷನರ್ ಆಡಳಿತದ ನಂತರ ರಾಜ್ಯ ಒಡೆಯರ್ ಮನೆತನಕ್ಕೆ ಮರಳಿದ್ದು 1881ರ ಮಾರ್ಚ್‌ನಲ್ಲಿ. 1876-78ರ ಘೋರ ಕ್ಷಾಮ ಆಗಷ್ಟೇ ಮುಗಿದಿತ್ತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕಡಿಮೆಯಾಗಿತ್ತು. ಉಳುವವರಿಲ್ಲದೆ ಭೂಮಿ ಬೀಳುಬಿದ್ದಿತ್ತು, ಕಂದಾಯ ಕುಸಿದಿತ್ತು. ದಿವಾನ್ ರಂಗಾಚಾರ್ಲು ಅವರ ಆಡಳಿತಕ್ಕೆ ಸಾಗುವಳಿ ಮಾಡುವವರು ಯಾರೇ ಬಂದರೂ ಬೇಕಾಗಿತ್ತು. ನೆಲೆ ಇಲ್ಲದ ಸಮುದಾಯ, ಒಕ್ಕಲಿಲ್ಲದ ಭೂಮಿ, ಹಣವಿಲ್ಲದ ಸರ್ಕಾರ, ಈ ಮೂರೂ ಕೂಡಿದ್ದರಿಂದ ವೈಟ್‌ಫೀಲ್ಡ್ ಹುಟ್ಟಿತೆಂಬುದು ನನ್ನ ತರ್ಕ.

ಊರಿನ ವಿನ್ಯಾಸವೂ ವಿಶಿಷ್ಟವಾದದ್ದು. ನಡುವೆ ವೃತ್ತಾಕಾರದ ಬಯಲು, ಅದರ ಸುತ್ತ ಒಳವೃತ್ತದ ರಸ್ತೆ, ಅದರಾಚೆ ಹೊರವೃತ್ತ, ಹೆಂಚಿನ ಮನೆಗಳು, ಮನೆಯ ಹಿಂದೆ ತೋಟ. 1886ರಲ್ಲಿ ಸ್ಮಾರಕ ಚರ್ಚ್ ಎದ್ದಿತು. 1864ರಲ್ಲಿಯೇ ಬೆಂಗಳೂರಿಗೆ ಬಂದಿದ್ದ ಮದರಾಸ್ ರೈಲು ಮಾರ್ಗ ಸಮೀಪದಲ್ಲೇ ಹಾದುಹೋಗುತ್ತಿತ್ತು. ಇದರ ಜೊತೆಗೇ ಸಾಸ್‌ಮಂಡ್ ಎಂಬ ಇನ್ನೊಂದು ನೆಲೆಯೂ ರೂಪುಗೊಂಡಿತ್ತು. ಆ ಹೆಸರು ಇಂದು ಹೆಚ್ಚಿನವರ ನೆನಪಿನಲ್ಲಿ ಉಳಿದಿಲ್ಲ. ಅರ್ಧ ಶತಮಾನದ ಬಳಿಕ, 1933ರಲ್ಲಿ, ಇಂದಿನ ಜಾರ್ಖಂಡ್‌ನಲ್ಲಿ ಮ್ಯಾಕ್‌ಕ್ಲಸ್ಕಿಗಂಜ್ ಎಂಬ ಆಂಗ್ಲೋ-ಇಂಡಿಯನ್ ವಸಾಹತು ಆರಂಭವಾಯಿತು. ಅದರ ಬಗ್ಗೆ ಕಾದಂಬರಿ, ಚಲನಚಿತ್ರಗಳು ಬಂದಿವೆ. ಅದಕ್ಕಿಂತ ಹಿರಿಯದಾದ ವೈಟ್‌ಫೀಲ್ಡ್ ನಮ್ಮ ಮಗ್ಗುಲಲ್ಲೇ ಇದ್ದರೂ ಕನ್ನಡದ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ.

ಬಿದ್ದದ್ದು ಚರ್ಚಿಲ್ ಕತೆ ಮಾತ್ರ. ಒಳವೃತ್ತದ ವೇವರ್ಲಿ ಇನ್ ಎಂಬ ವಸತಿಗೃಹದ ಒಡೆಯ ಜೇಮ್ಸ್ ಹ್ಯಾಮಿಲ್ಟನ್‌ರ ಮಗಳನ್ನು ಯುವ ವಿನ್‌ಸ್ಟನ್ ಚರ್ಚಿಲ್ ಮೆಚ್ಚಿದ್ದನಂತೆ. ಚರ್ಚಿಲ್ 1896ರಲ್ಲಿ ಬೆಂಗಳೂರಿನ ದಂಡಿಗೆ ಬಂದದ್ದು ನಿಜ, ಬೆಂಗಳೂರು ಕ್ಲಬ್ಬಿನಲ್ಲಿ 13 ರೂಪಾಯಿ ಬಾಕಿ ಉಳಿಸಿ ಹೋದದ್ದೂ ದಾಖಲಾಗಿದೆ. ವೈಟ್‌ಫೀಲ್ಡಿನ ಪ್ರಣಯ ಮಾತ್ರ ಐತಿಹ್ಯವೇ ಹೊರತು ಇತಿಹಾಸವಲ್ಲ. ನಾಡನ್ನು ತುಚ್ಛವಾಗಿ ಕಂಡ ಸೇನಾಧಿಕಾರಿಯೊಬ್ಬನ ಕಾಲ್ಪನಿಕ ಪ್ರೇಮಕ್ಕೆ ಪತ್ರಿಕೆಗಳಲ್ಲಿ ಸಿಕ್ಕಷ್ಟು ಜಾಗ ಊರು ಕಟ್ಟಿದ ಡಿ.ಎಸ್. ವೈಟ್‌ಗೆ ಸಿಕ್ಕಿಲ್ಲವೆಂಬುದು ನನ್ನ ತಕರಾರು.

ವೈಟ್ ಕಂಡ ಕೃಷಿಕರ ಕನಸು ಪೂರ್ಣವಾಗಿ ಕೈಗೂಡಲಿಲ್ಲ. ಕಚೇರಿ ಬದುಕಿಗೆ ಒಗ್ಗಿದವರು ಮೇಟಿ ಹಿಡಿಯುವುದು ಸುಲಭವಲ್ಲ, ಬಂಡವಾಳವೂ ಸಾಲದಾಗಿತ್ತು. ಕ್ರಮೇಣ ಅದು ಪಿಂಚಣಿದಾರರ ಊರಾಯಿತು. 1947ರ ನಂತರ ಆಂಗ್ಲೋ-ಇಂಡಿಯನ್ ಕುಟುಂಬಗಳು ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳತ್ತ ವಲಸೆ ಹೋದವು. 2020ರ ಜನವರಿಯಲ್ಲಿ ಸಂವಿಧಾನದ 104ನೆಯ ತಿದ್ದುಪಡಿಯ ಮೂಲಕ ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಈ ಸಮುದಾಯಕ್ಕಿದ್ದ ನಾಮಕರಣದ ಸ್ಥಾನವೂ ನಿಂತುಹೋಯಿತು. ಆಗ ವೈಟ್‌ಫೀಲ್ಡಿನಲ್ಲಿ ಅದರ ಬಗ್ಗೆ ಮಾತನಾಡಲು ಉಳಿದಿದ್ದವರು ಬೆರಳೆಣಿಕೆಯಷ್ಟು ಮನೆಯವರು.

ಆನಂತರ ಬಂದವರು ಬೇರೆಯವರು. ಕಾಡುಗೋಡಿಯ ಬೃಂದಾವನ ಆಶ್ರಮದಿಂದಾಗಿ ಸತ್ಯಸಾಯಿ ಬಾಬಾ ಅವರ ಭಕ್ತರಿಗೆ ಈ ಊರು ಲೋಕದಾದ್ಯಂತ ಪರಿಚಿತವಾಯಿತು. 2001ರ ಜನವರಿಯಲ್ಲಿ ಅಂದಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಇಲ್ಲಿನ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಉದ್ಘಾಟಿಸಿದರು. ಹಣದ ಕೌಂಟರ್ ಇಲ್ಲದ ಆ ಆಸ್ಪತ್ರೆಯ ಬಾಗಿಲಿಗೆ ದೂರದ ರಾಜ್ಯಗಳ ಬಡವರು ಬಂದು ನಿಲ್ಲುವುದನ್ನು, ಭಕ್ತನಲ್ಲದ ನಾನೂ ಕಂಡು ತಲೆಬಾಗಿದ್ದೇನೆ.

ಊರಿನ ರೂಪವನ್ನೇ ಬದಲಿಸಿದ್ದು 1990ರ ದಶಕ. ಟಾಟಾ ಸಮೂಹ, ಸಿಂಗಪುರದ ಕಂಪನಿಗಳ ಕೂಟ ಮತ್ತು ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ ತಂತ್ರಜ್ಞಾನ ಪಾರ್ಕ್ ಬಂತು. ರಫ್ತು ಉತ್ತೇಜನಾ ಕೈಗಾರಿಕಾ ಪ್ರದೇಶವೂ ಬಂತು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, 1966ರ 28ನೆಯ ಕಲಮಿನ ನೋಟಿಸುಗಳು ಹೊರಟವು. ಇಲ್ಲಿ ಒಂದು ಹೋಲಿಕೆಯನ್ನು ಗಮನಿಸಬೇಕು. 1882ರಲ್ಲಿ ಸರ್ಕಾರವೇ ಭೂಮಿ ಕೊಟ್ಟು ಊರು ಕಟ್ಟಿಸಿತು, ನೂರಹತ್ತು ವರ್ಷಗಳ ನಂತರವೂ ಸರ್ಕಾರವೇ ಭೂಮಿ ಕೊಟ್ಟು ಇನ್ನೊಂದು ಊರು ಕಟ್ಟಿಸಿತು. ಮೊದಲನೆಯ ಬಾರಿ ಕ್ಷಾಮದಿಂದ ಬೀಳುಬಿದ್ದ ಭೂಮಿ ಹಂಚಿಕೆಯಾಯಿತು, ಎರಡನೆಯ ಬಾರಿ ರೈತರ ಸಾಗುವಳಿಯ ಭೂಮಿ. ರಿಕಾರ್ಡೊ ಹೇಳಿದ ಗೇಣಿಯ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಭೂಮಿಯ ಬೆಲೆ ಏರಿದ್ದು ಒಡೆಯನ ಶ್ರಮದಿಂದಲ್ಲ, ರಸ್ತೆ, ವಿದ್ಯುತ್ತು, ಮೆಟ್ರೊಗಳಿಗೆ ಸಾರ್ವಜನಿಕರು ಸುರಿದ ಹಣದಿಂದ. ಆ ಏರಿಕೆಯಲ್ಲಿ ಸ್ವಲ್ಪ ಪಾಲು ಮೊದಲೇ ಮಾರಿಕೊಂಡ ರೈತನಿಗೆ, ಬಹುಪಾಲು ನಂತರ ಕೊಂಡವರಿಗೆ, ಅತ್ಯಲ್ಪ ಪಾಲು ಊರಿನ ಕೆರೆ, ಚರಂಡಿ, ಶಾಲೆಗಳಿಗೆ ಹೋಯಿತು.

ಏಕೆಂದರೆ ಕೇಳಲು ಊರಿಗೆ ತನ್ನದೇ ಆದ ಸಂಸ್ಥೆ ಇರಲಿಲ್ಲ. ತಂತ್ರಜ್ಞಾನ ಪಾರ್ಕ್ ತಲೆ ಎತ್ತುವಾಗ ಸುತ್ತಲಿದ್ದದ್ದು ಗ್ರಾಮ ಪಂಚಾಯಿತಿಗಳ ಆಡಳಿತ. ಬಳಿಕ ಒಂದಷ್ಟು ಭಾಗ ಮಹದೇವಪುರ ನಗರಸಭೆಯ ಪಾಲಾಯಿತು, ಒಂದಷ್ಟು ಹಳ್ಳಿಗಳು ಹಾಗೆಯೇ ಉಳಿದವು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಕೂಡಿಸಿ ಬಿಬಿಎಂಪಿ ರಚನೆಯಾಯಿತು. ಆದರೆ ಆ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 2010ರಲ್ಲಿ. ಎರಡನೆಯದು 2015ರಲ್ಲಿ ನಡೆಯಿತು. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಬಿಬಿಎಂಪಿ ಬದುಕಿದ್ದಷ್ಟು ಕಾಲ ಮತ್ತೆ ಚುನಾವಣೆಯೇ ನಡೆಯಲಿಲ್ಲ. ಐದು ವರ್ಷ ಆಡಳಿತಾಧಿಕಾರಿಗಳ ಕಾರುಬಾರು. ನಾನೂ ಆ ವೃತ್ತಿಯಿಂದಲೇ ಬಂದವನು. ಒಳ್ಳೆಯ ಅಧಿಕಾರಿ ಕಡತವನ್ನು ಬೇಗ ವಿಲೇವಾರಿ ಮಾಡಬಲ್ಲ. ಆದರೆ ಬೆಳಿಗ್ಗೆ ಹಾಲು ತರಲು ಹೋದಾಗ ಎದುರಾಗುವ ಮತದಾರನಿಗೆ ಉತ್ತರ ಹೇಳಬೇಕಾದ ಕಷ್ಟ ಅವನಿಗಿಲ್ಲ. ಆ ಕಷ್ಟವೇ ಪೌರಾಡಳಿತದ ಜೀವಾಳ. 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಮೂರು ದಶಕಗಳು ಕಳೆದಿವೆ. ಅದರ ಅತ್ಯಂತ ಕೆಟ್ಟ ಉಲ್ಲಂಘನೆ ದೇಶದ ಅತ್ಯಂತ ಆಧುನಿಕವೆನಿಸಿದ ನಗರದಲ್ಲಿಯೇ ನಡೆಯಿತು.

ಫಲಿತಾಂಶ ಕಣ್ಣೆದುರಿಗಿದೆ. 2015ರಲ್ಲಿ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು ಜಗತ್ತು ಚಿತ್ರಗಳಲ್ಲಿ ನೋಡಿತು. ಮೇಲಿನ ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿತ್ತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಮಹದೇವಪುರ ಭಾಗದ ಬಡಾವಣೆಗಳ ನಿವಾಸಿಗಳನ್ನು ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ಎರಡೇ ವರ್ಷಗಳ ಬಳಿಕ, 2024ರ ಬೇಸಿಗೆಯಲ್ಲಿ, ಅದೇ ಬಡಾವಣೆಗಳವರು ಟ್ಯಾಂಕರ್ ನೀರಿಗೆ ಪರದಾಡಿದರು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾಯಿತು. 110 ಹಳ್ಳಿಗಳು ನಗರಕ್ಕೆ ಸೇರಿ ಆಗ 17 ವರ್ಷಗಳಾಗಿದ್ದವು.

ಪ್ರವಾಹಕ್ಕೂ ಚರಿತ್ರೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಕಂದಾಯ ದಾಖಲೆಗಳೊಡನೆ ವರ್ಷಗಟ್ಟಲೆ ಒಡನಾಡಿದವನಿಗೆ ಹಳೆಯ ಗ್ರಾಮ ನಕ್ಷೆ ಒಂದು ಊರಿನ ಜಾತಕವಿದ್ದಂತೆ. ಕೆರೆಯ ಅಂಗಳ ಎಲ್ಲಿಯವರೆಗೆ, ಕೋಡಿ ಯಾವ ಕಡೆ, ರಾಜಕಾಲುವೆಯ ಅಗಲವೆಷ್ಟು, ಗುಂಡುತೋಪು, ಗೋಮಾಳ, ಸ್ಮಶಾನಗಳಿಗೆ ಬಿಟ್ಟ ಖರಾಬು ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ನಾನು ಒಂದು ಕಚೇರಿಯಲ್ಲಿದ್ದಾಗ ಬೆಂಗಳೂರಿನ ಹೊರವಲಯದ ಹಳ್ಳಿಯೊಂದರ ಮೂಲ ನಕ್ಷೆ ಕೇಳಿದಾಗಲೆಲ್ಲ 'ಜೀರ್ಣವಾಗಿದೆ' ಎಂಬ ಷರಾ ಬರುತ್ತಿತ್ತು. ಭೂಮಿಯ ಬೆಲೆ ಏರಿದ ಹಳ್ಳಿಗಳ ನಕ್ಷೆಗಳೇ ಹೆಚ್ಚು ಬೇಗ ಜೀರ್ಣವಾಗುತ್ತಿದ್ದದ್ದು ವಿಚಿತ್ರ! ಕೆರೆ ಎಲ್ಲಿತ್ತೆಂದು ಊರು ಮರೆತರೆ, ಮಳೆ ಅದನ್ನು ನೆನಪಿಸಲು ಮನೆಯೊಳಗೇ ಬರುತ್ತದೆ. ಪಟ್ಟಂದೂರು ಅಗ್ರಹಾರದ ಕೆರೆಯ ಒತ್ತುವರಿಯ ವಿರುದ್ಧ ಇತ್ತೀಚಿನ ವರ್ಷಗಳಲ್ಲಿ ನಿವಾಸಿಗಳು ನ್ಯಾಯಾಲಯದವರೆಗೆ ಹೋಗಬೇಕಾಯಿತು. 1043ರ ಶಾಸನದಲ್ಲಿ ಕೆರೆಯ ಹೆಸರಿದ್ದ ಊರಿಗೆ ಬಂದ ಸ್ಥಿತಿ ಇದು.

ಆ ನಿವಾಸಿಗಳ ಬಗ್ಗೆ ಒಂದು ಮಾತು ಹೇಳಬೇಕು. ಹೊರಗಿನಿಂದ ಬಂದವರಿಗೆ ಊರಿನ ಮಮತೆ ಇಲ್ಲವೆಂಬ ಆರೋಪ ಸಾಮಾನ್ಯ. 2013ರಲ್ಲಿ ಆರಂಭವಾದ 'ವೈಟ್‌ಫೀಲ್ಡ್ ರೈಸಿಂಗ್' ಎಂಬ ನಾಗರಿಕರ ವೇದಿಕೆ ಕಸ, ಕೆರೆ, ಪಾದಚಾರಿ ಮಾರ್ಗಗಳ ವಿಷಯದಲ್ಲಿ ಮಾಡಿದ ಕೆಲಸವನ್ನು ನೋಡಿದವರು ಈ ಆರೋಪವನ್ನು ಸುಲಭವಾಗಿ ಮಾಡಲಾರರು. ಆದರೆ ಅವರ ಸಭೆಗಳ ಭಾಷೆ ಇಂಗ್ಲಿಷ್ ಎಂಬ ದೂರನ್ನು ಮೂಲ ನಿವಾಸಿಗಳಿಂದ ಕೇಳಿದ್ದೇನೆ, ಅದರಲ್ಲಿ ಸತ್ಯವಿದೆ. ಕನ್ನಡ, ತೆಲುಗು, ತಮಿಳುಗಳನ್ನು ಬೆರೆಸಿ ಮಾತನಾಡುವ ಹಳೆಯ ಹಳ್ಳಿಗರು ಒಂದು ಕಡೆ, ಗೇಟಿನೊಳಗಿನ ಬಡಾವಣೆಯವರು ಇನ್ನೊಂದು ಕಡೆ. ಚುನಾಯಿತ ವಾರ್ಡ್ ಸಭೆಯೊಂದು ಇದ್ದಿದ್ದರೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂರಬೇಕಾಗುತ್ತಿತ್ತು.

ಹಳೆಯ ಹಳ್ಳಿಗರಲ್ಲಿ ದೊಡ್ಡವರಿರಲಿಲ್ಲವೇ? ಸಾವಯವ ಕೃಷಿಯ ಹಿರಿಯ ಎಲ್. ನಾರಾಯಣ ರೆಡ್ಡಿ ಅವರು ವರ್ತೂರು ಸೀಮೆಯವರು. ನಂತರ ದೊಡ್ಡಬಳ್ಳಾಪುರ ತಾಲ್ಲೂಕಿನ ಮರಳೇನಹಳ್ಳಿಯಲ್ಲಿ ತೋಟ ಮಾಡಿ, ದೇಶ ವಿದೇಶಗಳ ಆಸಕ್ತರಿಗೆ ಪಾಠ ಹೇಳಿ 2019ರ ಜನವರಿಯಲ್ಲಿ ನಿಧನರಾದರು. ರಾಸಾಯನಿಕ ಗೊಬ್ಬರದಿಂದ ನಷ್ಟಕ್ಕೀಡಾದ ಮೇಲೆ ಮಣ್ಣಿನತ್ತ ತಿರುಗಿದ ಆ ರೈತನ ಅನುಭವವೇ ಒಂದು ಅರ್ಥಶಾಸ್ತ್ರ. ಅವರ ಸೀಮೆಯ ಮಣ್ಣು ಇಂದು ಚದರಡಿಯ ಲೆಕ್ಕದಲ್ಲಿ ಮಾರಾಟವಾಗುತ್ತಿದೆ. ಅಲ್ಲಿ ಒಂದು ಉದ್ಯಾನಕ್ಕಾದರೂ ಅವರ ಹೆಸರಿಡಬಹುದು.

ಹೆಸರುಗಳಿಗೆ ಆಯುಸ್ಸು ಹೆಚ್ಚು. 2023ರ ಮಾರ್ಚ್‌ನಲ್ಲಿ ಮೆಟ್ರೊ ಬಂದಾಗ ನಿಲ್ದಾಣಗಳಿಗೆ ನಲ್ಲೂರಹಳ್ಳಿ, ಸೀತಾರಾಂಪಾಳ್ಯ, ಹೂಡಿ, ಕುಂದಲಹಳ್ಳಿ ಎಂಬ ಹಳ್ಳಿಯ ಹೆಸರುಗಳೇ ಉಳಿದದ್ದು ಸಂತೋಷದ ವಿಷಯ. 'ಹೋಪ್‌ಫಾರ್ಮ್ ಚನ್ನಸಂದ್ರ' ಎಂಬ ಜೋಡಿ ಹೆಸರಿನಲ್ಲಿ ಆಂಗ್ಲೋ-ಇಂಡಿಯನ್ ಕಾಲ ಮತ್ತು ಹಳ್ಳಿ ಎರಡೂ ಒಟ್ಟಿಗೆ ಕುಳಿತಿವೆ. ಮುಚ್ಚಿಹೋದ ಗ್ರಾಫೈಟ್ ಕಾರ್ಖಾನೆಯ ಹೆಸರು ಕೂಡ ಅದರ ಮುಂದಿನ ವೃತ್ತಕ್ಕೆ ಅಂಟಿಕೊಂಡೇ ಇದೆ.

ಪೂರ್ವ ಪಾಲಿಕೆ ಮಾಡಬಹುದಾದ ಕೆಲಸಗಳು ದುಬಾರಿಯವಲ್ಲ. ಮೊದಲನೆಯದಾಗಿ, ತನ್ನ ವ್ಯಾಪ್ತಿಯ ಪ್ರತಿ ಹಳ್ಳಿಯ ಮೂಲ ನಕ್ಷೆಯನ್ನು ಭೂದಾಖಲೆಗಳ ಇಲಾಖೆಯಿಂದ ಪಡೆದು, ಸ್ಕ್ಯಾನ್ ಮಾಡಿ, ವಾರ್ಡ್ ಕಚೇರಿಯ ಗೋಡೆಯ ಮೇಲೆ ಹಾಕಬೇಕು. ನಕ್ಷೆ ಗೋಡೆಯ ಮೇಲಿದ್ದರೆ ಜೀರ್ಣವಾಗುವುದು ಕಷ್ಟ. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮೂಲಕ ಉಳಿಸುವ ಕಾರ್ಯದಲ್ಲಿ ತೊಡಗಿದೆ. ಪಾಲಿಕೆ ಅದರೊಡನೆ ಕೈಜೋಡಿಸಿ, ಕಾಡುಗೋಡಿಯ ಶಾಸನದ ಪಾಠವನ್ನು ಪಟ್ಟಂದೂರು ಅಗ್ರಹಾರ ನಿಲ್ದಾಣದಲ್ಲಿಯೇ ಕನ್ನಡದಲ್ಲಿ ಪ್ರದರ್ಶಿಸಬಹುದು. ಒಳವೃತ್ತ, ಹೊರವೃತ್ತಗಳಲ್ಲಿ ಉಳಿದಿರುವ ಹಳೆಯ ಮನೆಗಳ ವಿಷಯ ಇನ್ನಷ್ಟು ತುರ್ತಿನದು. ಒಂದು ಎಕರೆಗೆ ಇರುವ ಇಂದಿನ ಬೆಲೆಯ ಮುಂದೆ ಹೆಂಚಿನ ಮನೆಯ ಒಡೆಯನಿಗೆ ಭಾವನೆಯ ಉಪದೇಶ ಮಾಡುವುದರಲ್ಲಿ ಅರ್ಥವಿಲ್ಲ. ಕಟ್ಟದೆ ಉಳಿಸಿದ ಮಹಡಿಗಳ ಹಕ್ಕನ್ನು ಬೇರೆಡೆ ಮಾರಿಕೊಳ್ಳಲು ಬಿಡುವ ಅಭಿವೃದ್ಧಿ ಹಕ್ಕು ವರ್ಗಾವಣೆಯನ್ನು ರಸ್ತೆ ಅಗಲೀಕರಣಕ್ಕೆ ಬಳಸುವ ನಾವು ಪರಂಪರೆಯ ಕಟ್ಟಡಗಳಿಗೂ ಉದಾರವಾಗಿ ಬಳಸಬೇಕು, ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಬೇಕು.

ಇನ್ನು ವಾರ್ಡ್ ಸಮಿತಿಗಳು. ಬೃಹತ್ ಬೆಂಗಳೂರು ಆಡಳಿತ ಕಾಯ್ದೆಯಲ್ಲಿ ಅವುಗಳಿಗೆ ಅವಕಾಶವಿದೆ. ಆದರೆ ಹಣವಿಲ್ಲದ ಸಮಿತಿ ಚಹಾ ಕುಡಿದು ಏಳುವ ಸಭೆಯಾಗುತ್ತದೆ. ವಾರ್ಡಿನಲ್ಲಿ ಸಂಗ್ರಹವಾಗುವ ಆಸ್ತಿ ತೆರಿಗೆಯ ನಿಗದಿತ ಭಾಗವನ್ನು ಅದರ ನಿರ್ಧಾರಕ್ಕೇ ಬಿಡಬೇಕೆಂದು ನಾನು ಸೇವೆಯಲ್ಲಿದ್ದಾಗಲೂ ಟಿಪ್ಪಣಿ ಬರೆದಿದ್ದೆ, 'ಪರಿಶೀಲಿಸಿ' ಎಂಬ ಷರಾದೊಂದಿಗೆ ಅದು ಹಿಂದಿರುಗಿತ್ತು. ಭಾಗ ಎಷ್ಟಿರಬೇಕೆಂಬುದರ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಹತ್ತನೆಯ ಒಂದು ಭಾಗದಿಂದ ಆರಂಭಿಸಿದರೂ ನನಗೆ ಆಕ್ಷೇಪವಿಲ್ಲ. ಸಮಿತಿಯ ನಡಾವಳಿ ಕನ್ನಡದಲ್ಲಿರಬೇಕು, ಬೇಕಾದವರಿಗೆ ಇಂಗ್ಲಿಷ್ ಅನುವಾದ ಸಿಗಬೇಕು. ಮೊದಲ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ವಿಷಯವಾಗಿ ಆ ವಾರ್ಡಿನ ಕೆರೆಗಳ, ರಾಜಕಾಲುವೆಗಳ ಪಟ್ಟಿಯನ್ನು ಹಳೆಯ ನಕ್ಷೆಯೊಂದಿಗೆ ಮಂಡಿಸಲಿ.